ಪೂಜೆಗಿಟ್ಟ ಜರ್ಮನ್ ಪಿಸ್ತೂಲು

ಇಡೀ ಯಂತ್ರದೊಳಗೆ ಒಂದೇ ಒಂದು ಸ್ಕ್ರೂ ಇರಲಿಲ್ಲ. ಹಿಡಿಯ ಎರಡು ಬದಿಗೆ ಮರದ ಪಟ್ಟಿ ಕೂರಿಸಲು ಮಾತ್ರ ಎರಡು ಸ್ಕ್ರೂ, ಅಷ್ಟೇ. ಉಳಿದದ್ದೆಲ್ಲ ಒಂದರೊಳಗೊಂದು ಸೇರಿ, ಒಂದನ್ನೊಂದು ತಡೆದು ನಿಲ್ಲುವ ಕೆಲಸ. ನಾನು ವಾಚ್ ರಿಪೇರಿಯವನು. ಹದಿನಾರನೆಯ ವಯಸ್ಸಿನಿಂದ ಕಣ್ಣಿಗೆ ಐಗ್ಲಾಸು ಸಿಕ್ಕಿಸಿಕೊಂಡು ಕೂತವನು, ಯಾರಾದರೂ ಬಾಯಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ. ಆ ಪಿಸ್ತೂಲನ್ನು ಮೊದಲ ಸಲ ಬಿಚ್ಚಿ ಮೇಜಿನ ಮೇಲೆ ಹರಡಿದ ದಿನ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ. ಹಾಗೆಂದು ನನಗೆ ಪಿಸ್ತೂಲಿನ ಹುಚ್ಚಿತ್ತು ಎಂದುಕೊಳ್ಳಬೇಡಿ. ಪೊಲೀಸನ ಸೊಂಟದಲ್ಲಿ ಕಂಡರೂ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಪೈಕಿ ನಾನು.

ಅದು ನನ್ನ ಕಫೀಲರದು. ನನ್ನನ್ನು ಕುವೈತಿಗೆ ಕರೆಸಿಕೊಂಡು, ನನ್ನ ಪಾಸ್‌ಪೋರ್ಟನ್ನು ತಮ್ಮ ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದ ಮುದುಕರು. ಖೈತಾನಿನ ಒಂದು ಗಲ್ಲಿಯಲ್ಲಿ ಅವರ ವಾಚಿನ ಅಂಗಡಿ. ಹಿಂದಿನ ಕೋಣೆಯಲ್ಲಿ ನನ್ನ ಮೇಜು, ಮೇಜಿನ ಪಕ್ಕದಲ್ಲೇ ನನ್ನ ಮಂಚ. ನನ್ನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, 'ಯಾ ಮುಹಂದಿಸ್' ಎನ್ನುತ್ತಿದ್ದರು. ಎಂಜಿನಿಯರ್ ಸಾಹೇಬ ಎಂದು ಅರ್ಥ. ತಮಾಷೆಗೇ ಕರೆಯುತ್ತಿದ್ದದ್ದು, ಆದರೂ ಕೇಳಿದಾಗಲೆಲ್ಲ ನನ್ನ ಎದೆ ಒಂದಿಷ್ಟು ಉಬ್ಬುತ್ತಿತ್ತು, ಸುಳ್ಳು ಹೇಳುವುದೇಕೆ.

ಪಿಸ್ತೂಲು ಅವರ ತಂದೆಗೆ ಬಸ್ರಾದಲ್ಲಿ ಯಾರೋ ಕೊಟ್ಟದ್ದಂತೆ. ಮೊದಲ ಮಹಾಯುದ್ಧದ ಕಾಲದ ಜರ್ಮನ್ ಸೇನೆಯ ಮಾಲು. ಯಾರೂ ಅದರಿಂದ ಗುಂಡು ಹಾರಿಸಿದ್ದನ್ನು ಅವರು ಕಂಡಿರಲಿಲ್ಲ. ಲೈಸೆನ್ಸ್ ಇತ್ತು, ಪೊಲೀಸ್ ಠಾಣೆಯ ಪುಸ್ತಕದಲ್ಲಿ ಅದರ ನಂಬರು ಬರೆದಿತ್ತು. ವರ್ಷಕ್ಕೊಮ್ಮೆ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು, ಎದುರು ಕುರ್ಚಿ ಎಳೆದು ಕೂರುತ್ತಿದ್ದರು. ನಾನು ಬಿಚ್ಚಿ ಒರೆಸಿ ಎಣ್ಣೆ ಹಾಕುವುದನ್ನು ನೋಡುವುದೇ ಅವರಿಗೆ ಸುಖ.

ಅದರ ಬೆನ್ನ ಮೇಲೆ ಒಂದು ಮಡಚುವ ಕೀಲು ಇತ್ತು. ಹಿಂದಕ್ಕೆ ಎಳೆದರೆ ಕೂತವನ ಮೊಣಕಾಲು ಮೇಲೆದ್ದ ಹಾಗೆ ಏಳುತ್ತಿತ್ತು, ಬಿಟ್ಟರೆ ಚಪ್ಪಟೆಯಾಗಿ ಮಲಗುತ್ತಿತ್ತು. ನೇರವಾಗಿ ಮಲಗಿದ್ದಾಗ ಎಷ್ಟು ಒತ್ತಿದರೂ ಅಲುಗದು, ಒಂದು ಕೂದಲಿನಷ್ಟು ಮೇಲೆದ್ದರೆ ಸರ್ರನೆ ಮಡಚಿಕೊಳ್ಳುತ್ತದೆ. ಆ ಕೂದಲಿನಷ್ಟು ಜಾಗದಲ್ಲೇ ಅದರ ಬುದ್ಧಿಯೆಲ್ಲ ಇದ್ದದ್ದು. ಮೈಯೆಲ್ಲ ಕಡುನೀಲಿ. ಅದು ಬಳಿದ ಬಣ್ಣವಲ್ಲ, ಉಕ್ಕಿಗೆ ಬೇಕೆಂದೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಮತ್ತೆ ಮತ್ತೆ ಹಾಗೇ ಮಾಡಿ ಬರಿಸಿದ ನೀಲಿ. ಟ್ರಿಗರು ಮತ್ತು ಕೆಲವು ಸಣ್ಣ ಭಾಗಗಳು ಮಾತ್ರ ಒಣಹುಲ್ಲಿನ ಬಣ್ಣ. ಅದರ ಗುಟ್ಟು ನನಗೆ ತಕ್ಷಣ ತಿಳಿಯಿತು. ನಾವೂ ವಾಚಿನ ಸ್ಕ್ರೂಗಳನ್ನು ಹಿತ್ತಾಳೆ ಪುಡಿಯ ಮೇಲಿಟ್ಟು ಕಾಯಿಸುತ್ತೇವೆ. ಮೊದಲು ಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ನೇರಳೆ, ಆಮೇಲೆ ನೀಲಿ. ಜರ್ಮನಿಯ ಯಾವನೋ ಕೆಲಸಗಾರ ಹುಲ್ಲಿನ ಬಣ್ಣ ಬಂದ ಕ್ಷಣಕ್ಕೆ ಸರಿಯಾಗಿ ತೆಗೆದಿದ್ದ, ಗಡಸುತನ ಇಳಿಯದಿರಲೆಂದು. ಯುದ್ಧದ ಗಡಿಬಿಡಿಯಲ್ಲಿ ಸಾವಿರಗಟ್ಟಲೆ ಮಾಡುತ್ತಿದ್ದಾಗಲೂ ತೆಗೆದಿದ್ದ. ಪ್ರತಿಯೊಂದು ಭಾಗದ ಮೇಲೂ ಪಿಸ್ತೂಲಿನ ನಂಬರಿನ ಕೊನೆಯ ಎರಡು ಅಂಕಿ ಒತ್ತಿತ್ತು, ಕಡಲೆಯಷ್ಟು ಸಣ್ಣ ತುಂಡಿನ ಮೇಲೂ. ಒಂದರ ಭಾಗ ಇನ್ನೊಂದಕ್ಕೆ ಹೋಗಬಾರದು, ಒಂದೊಂದನ್ನೂ ಅದರದಕ್ಕೇ ಅರದಿಂದ ತಿದ್ದಿ ಕೂರಿಸಿದ್ದು. ನನಗಂತೂ ಆ ಕೆಲಸಗಾರನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸಿತ್ತು. ಅವನು ಮಾಡಿದ್ದು ಮನುಷ್ಯರನ್ನು ಕೊಲ್ಲುವ ಸಾಮಾನು ಎಂಬುದು ಆಗ ತಲೆಗೇ ಬರಲಿಲ್ಲ.

ತೊಂಬತ್ತರ ಬೇಸಿಗೆಯಲ್ಲಿ ಅದರ ಒಂದು ಸ್ಪ್ರಿಂಗು ತುಂಡಾಗಿತ್ತು. ಹಳೆಯ ಗಡಿಯಾರದ ಸ್ಪ್ರಿಂಗಿನಿಂದ ಹೊಸದು ಮಾಡಿ ಹಾಕು, ಅವಸರವಿಲ್ಲ ಎಂದು ಕಫೀಲರು ಕೊಟ್ಟುಹೋದರು. ಸ್ಪ್ರಿಂಗು ಮಾಡಿಯೂ ಆಯಿತು. ಅವರು ತೆಗೆದುಕೊಂಡು ಹೋಗುವ ಮೊದಲೇ ಆಗಸ್ಟ್ ಬಂತು, ಇರಾಕಿನ ಸೈನ್ಯ ಬಂತು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತುಂಟು. ರೊಟ್ಟಿಗೆ ಸಾಲು, ದೋಚಿದ ಅಂಗಡಿಗಳು, ಜೋರ್ಡಾನಿನ ದಾರಿ. ಊರಿನಲ್ಲಿ ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ನನ್ನ ಹೆದರಿಕೆ ಬೇರೆಯೇ ಇತ್ತು. ಯಾರ ಮನೆಯಲ್ಲಾದರೂ ಆಯುಧ ಸಿಕ್ಕಿದರೆ ಗುಂಡು, ವಿಚಾರಣೆ ಗಿಚಾರಣೆ ಇಲ್ಲ ಎಂದು ಬೀದಿಯಲ್ಲೆಲ್ಲ ಸುದ್ದಿ. ನನ್ನ ಮಂಚದಿಂದ ಮೂರು ಹೆಜ್ಜೆ ದೂರದಲ್ಲಿ, ವಾಚಿನ ಡಬ್ಬಿಗಳ ಹಿಂದೆ, ಆ ಪಿಸ್ತೂಲು ತುಂಡುತುಂಡಾಗಿ ಮಲಗಿತ್ತು. ಹೊರಗೆ ಬೂಟಿನ ಸದ್ದಾದರೆ ಸಾಕು, ದಿನಕ್ಕೆ ಏಳೆಂಟು ಸಲ ಕಕ್ಕಸಿಗೆ ಓಡುತ್ತಿದ್ದೆ. ನಾಚಿಕೆಯ ಮಾತು, ಆದರೆ ಹೆದರಿಕೆ ಇರುವುದೇ ಹೊಟ್ಟೆಯಲ್ಲಿ, ಎದೆಯಲ್ಲಿ ಅಂತ ಹೇಳುವವರಿಗೆ ಅದರ ಪರಿಚಯವಿಲ್ಲ.

ಬಿಸಾಡಬಹುದಿತ್ತಲ್ಲ ಎನ್ನುತ್ತೀರಿ. ಎಲ್ಲಿ? ಕಸದ ತೊಟ್ಟಿಯನ್ನೂ ಹುಡುಕುತ್ತಿದ್ದರು. ಅಲ್ಲದೆ ಅದು ನನ್ನದಲ್ಲ, ನಂಬಿ ಕೊಟ್ಟ ಸಾಮಾನು. ರಿಪೇರಿಗೆ ಬಂದ ಸಾಮಾನನ್ನು ಬಿಸಾಡಿದವನು ಮತ್ತೆ ಅಂಗಡಿಯಲ್ಲಿ ಕೂರಬಾರದು.

ಹೀಗಿರುವಾಗ ನವರಾತ್ರಿ ಬಂತು. ನನಗೆ ಕೆಲಸ ಕಲಿಸಿದ್ದು ನನ್ನ ಸೋದರಮಾವ. ಉಡುಪಿಯ ಬಸ್ ನಿಲ್ದಾಣದ ಹತ್ತಿರ ಅವರದೊಂದು ಗೂಡಂಗಡಿ. ಆಯುಧಪೂಜೆಯ ದಿನ ಹತ್ಯಾರುಗಳನ್ನೆಲ್ಲ ತೊಳೆದು, ಗಂಧ ಕುಂಕುಮ ಹಚ್ಚಿ ಇಟ್ಟರೆ ಮರುದಿನ ಬೆಳಗ್ಗೆ ದಶಮಿಯ ಪೂಜೆಯಾಗುವ ತನಕ ಒಂದು ಚಿಮುಟವನ್ನೂ ಮುಟ್ಟಬಾರದೆಂಬುದು ಅವರ ಕಟ್ಟುನಿಟ್ಟು. ಕುವೈತಿಗೆ ಬಂದ ಮೇಲೂ ನಾನು ಒಂದು ವರ್ಷವೂ ತಪ್ಪಿಸಿರಲಿಲ್ಲ.

ಆ ವರ್ಷ ತೆಂಗಿನಕಾಯಿಯೂ ಇಲ್ಲ, ಹೂವೂ ಇಲ್ಲ. ಮೂರು ಊದುಬತ್ತಿ, ಚೂರು ಗಂಧ ಕುಂಕುಮ ಉಳಿದಿತ್ತು, ಚಿಟಿಕೆ ಸಕ್ಕರೆ. ಅಂಗಡಿಯ ಶಟರು ಎಳೆದುಕೊಂಡು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಚಿಮುಟ, ಸ್ಕ್ರೂಡ್ರೈವರು, ಐಗ್ಲಾಸು ಎಲ್ಲ ಜೋಡಿಸಿದೆ. ಆಮೇಲೆ ಏನು ಹೊಳೆಯಿತೋ, ಡಬ್ಬಿಗಳ ಹಿಂದಿನಿಂದ ಪಿಸ್ತೂಲಿನ ಭಾಗಗಳನ್ನೂ ತೆಗೆದೆ. ನಮ್ಮ ಕಡೆ ಹೆದರಿಕೆ ಹುಟ್ಟಿಸುವಂಥದ್ದಕ್ಕೆ ಮೊದಲು ಕೈಮುಗಿಯುವುದು ವಾಡಿಕೆ. ಆಯುಧವೆಂದರೆ ಇದಕ್ಕಿಂತ ಬೇರೆ ಆಯುಧ ಯಾವುದು ಮಾರಾಯ ಎಂದು ನನ್ನಷ್ಟಕ್ಕೇ ಹೇಳಿಕೊಂಡು, ದೇವರಿಗೆ ಜಿಡ್ಡಿನ ಸಾಮಾನು ಇಡಬಾರದೆಂದು ಎಣ್ಣೆಯೆಲ್ಲ ಹೋಗುವ ಹಾಗೆ ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಹಸಿ ಗಂಧದ ಬೊಟ್ಟು ಇಟ್ಟು ಕುಂಕುಮ ಹಚ್ಚಿದೆ. ನನ್ನನ್ನು ಕೊಲ್ಲಿಸಬೇಡ ತಾಯಿ ಎಂದು ಬೇಡಿಕೊಂಡೆ. ಬೇರೆ ಏನನ್ನೂ ಬೇಡಲಿಲ್ಲ.

ಊದುಬತ್ತಿ ಇನ್ನೂ ಉರಿಯುತ್ತಿತ್ತು, ಶಟರಿನ ಮೇಲೆ ಬಡಿತ.

"ನಾನು ಮಾರಾಯ, ನಾನು. ತೆಗಿ ಬೇಗ."

ಕಫೀಲರ ಮನೆಯ ಅಡುಗೆಯವರು. ನಮ್ಮ ಮಂಗಳೂರು ಕಡೆಯ ಬ್ಯಾರಿ, ನನಗಿಂತ ಹಿರಿಯರು, ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಕಫೀಲರ ಮನೆಯಿದ್ದ ಜಾಬ್ರಿಯಾದಿಂದ ನಡೆದೇ ಬಂದಿದ್ದರು. ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ನೀರು ಕುಡಿದು ಹೇಳಿದ್ದು ಇಷ್ಟು: ಠಾಣೆಯ ಲೈಸೆನ್ಸಿನ ಪುಸ್ತಕ ಸೈನಿಕರ ಕೈಗೆ ಸಿಕ್ಕಿದೆ. ಪುಸ್ತಕ ಹಿಡಿದುಕೊಂಡು ಮನೆ ಮನೆಗೆ ಬರುತ್ತಿದ್ದಾರೆ. ಬೆಳಗ್ಗೆ ಬಾಬಾರ, ಅಂದರೆ ಕಫೀಲರ, ಮನೆಗೂ ಬಂದಿದ್ದರು. ಜರ್ಮನ್ ಪಿಸ್ತೂಲು, ಇಂಥ ನಂಬರು, ಎಲ್ಲಿ ತೋರಿಸು ಎಂದರು.

"ಬಾಬಾ ಎಂತ ಹೇಳಿದ್ರು?"

"ವಫ್ರಾದ ತೋಟದಲ್ಲಿ ಉಂಟು, ತರಿಸ್ತೇನೆ ಹೇಳಿದ್ರು. ನಿನ್ನ ಹೆಸ್ರು ಎತ್ಲಿಲ್ಲ. ಮೂರು ಗಂಟೆಗೆ, ಅಸರ್ ಬಾಂಗಿನ ಹೊತ್ತಿಗೆ ವಾಪಸ್ ಬರ್ತಾರಂತೆ ಅವ್ರು. ಅಷ್ಟರೊಳಗೆ ಪಿಸ್ತೂಲು ಮನೆಯಲ್ಲಿ ಇದ್ರೆ ಖಲಾಸ್, ಕೊಟ್ಟು ಕೈತೊಳೆದದ್ದು. ಇಲ್ಲದಿದ್ರೆ ಅದು ಮುಖಾವಮದವರ ಕೈಗೆ ಹೋಗಿದೆ ಅಂತ ಬಾಬಾರನ್ನು ಎತ್ತಿಕೊಂಡು ಹೋಗ್ತಾರೆ."

ಮುಖಾವಮ ಎಂದರೆ ಇರಾಕಿನವರ ವಿರುದ್ಧ ಕದ್ದು ಹೋರಾಡುತ್ತಿದ್ದ ಕುವೈತಿಗಳು. ಹಾಗೆ ಎತ್ತಿಕೊಂಡು ಹೋದವರು ಏನಾಗುತ್ತಾರೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನೀವೇ ತೆಗೊಂಡು ಹೋಗಿ ಕಾಕ."

"ನಾನಾ? ನನಗದನ್ನು ಜೋಡಿಸ್ಲಿಕ್ಕೆ ಗೊತ್ತುಂಟಾ? ದಾರಿಯಲ್ಲಿ ಚೀಲ ಎಂತಕ್ಕೆ ಕೇಳಿದ್ರೆ ಎಂತ ಹೇಳುದು, ಈರುಳ್ಳಿ ಅಂತಲಾ? ನೀನಾದ್ರೆ ವಾಚಿನವ. ನಮ್ಮಂಥ ಹಿಂದಿಗಳನ್ನು ಅವ್ರು ಜಾಸ್ತಿ ಕೇಳುದಿಲ್ಲ. ಮುಹಂದಿಸ್ ಜೋಡಿಸಿ ತರ್ಲಿ ಅಂತ ಬಾಬಾನೇ ಹೇಳಿ ಕಳಿಸಿದ್ದು."

ನಾನು ಮೇಜಿನ ಕಡೆ ನೋಡಿದೆ. ಕಾಕನೂ ನೋಡಿದರು. ಬಿಳಿ ಬಟ್ಟೆ, ಕುಂಕುಮ, ಹೊಗೆ. ನನ್ನ ಬಾಯಿಂದ ಮಾತು ತಾನಾಗಿ ಬಂತು, ಅದೂ ಎಂಥ ಸಲೀಸಾಗಿ!

"ಪೂಜೆಗೆ ಇಟ್ಟಾಗಿದೆ ಕಾಕ. ಇವತ್ತು ಆಯುಧಪೂಜೆ. ಇಟ್ಟದ್ದನ್ನು ನಾಳೆ ಬೆಳಗ್ಗೆವರೆಗೆ ನಾವು ಮುಟ್ಟುವ ಹಾಗಿಲ್ಲ. ನಾಳೆ ಬೆಳ್ಳಂಬೆಳಗ್ಗೆ ತರ್ತೇನೆ. ಒಂದು ದಿನ ಟೈಮು ಕೇಳ್ಲಿಕ್ಕೆ ಹೇಳಿ ಬಾಬಾರಿಗೆ."

"ಟೈಮು ಕೇಳ್ಲಿಕ್ಕೆ ಅವ್ರೆಂತ ನಮ್ಮ ಪಂಚಾಯ್ತಿ ಮೆಂಬ್ರಾ ಮಾರಾಯ?" ಎಂದ ಕಾಕ, ಮತ್ತೆ ಮೇಜಿನ ಕಡೆ ನೋಡಿದರು. ಅವರ ಮುಖದಲ್ಲಿ ಎರಡು ನಮೂನೆಯ ಹೆದರಿಕೆ ಜಗಳಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕೊನೆಗೆ ಎದ್ದು ನಿಂತರು. "ನಿಮ್ಮ ದೇವರ ವಿಷಯಕ್ಕೆ ನಾನು ಅಡ್ಡ ಬರುದು ಸರಿಯಲ್ಲ. ನಾಳೆ ಬೇಗ ಬಾ, ಆಯ್ತಾ?"

ಊರಿನಲ್ಲಿ ಅಕ್ಕಪಕ್ಕ ಬದುಕಿದವರ ಮರ್ಯಾದೆ ಅದು. ಬೇರೆ ಯಾರಾದರೂ ಆಗಿದ್ದರೆ ಕೆನ್ನೆಗೆ ಎರಡು ಬಾರಿಸಿ ಎಳೆದುಕೊಂಡು ಹೋಗುತ್ತಿದ್ದರು. ಕಾಕ ಬಿಸಿಲಿನಲ್ಲಿ ಬಂದ ದಾರಿಯಲ್ಲೇ ವಾಪಸ್ ನಡೆದರು. ನಾನು ಶಟರು ಎಳೆದುಕೊಂಡೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ದೈವಭಕ್ತನಾಗಿ ಬಿಡುತ್ತೇನೆ, ಆದ್ದರಿಂದ ಇದನ್ನೂ ಹೇಳಬೇಕು. ನಾನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಆಯುಧಪೂಜೆಯ ಮಧ್ಯಾಹ್ನ, ಸರ್ಕಾರಿ ಆಸ್ಪತ್ರೆಯ ಒಬ್ಬ ನರ್ಸಮ್ಮ ನಿಂತುಹೋದ ವಾಚು ಹಿಡಿದು ಬಂದಿದ್ದರು. ರಾತ್ರಿ ಡ್ಯೂಟಿ, ರೋಗಿಗಳ ನಾಡಿ ನೋಡಲು ಬೇರೆ ವಾಚಿಲ್ಲ ಎಂದರು. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. ಕೈಮುಗಿದು, ಕುಂಕುಮ ಹಚ್ಚಿದ ಚಿಮುಟವನ್ನೇ ಎತ್ತಿಕೊಂಡು ಕೆಲಸಕ್ಕೆ ಕೂತರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, "ದೇವರಿಗೆ ಅಷ್ಟೂ ಗೊತ್ತಾಗುದಿಲ್ವಾ ಪೆದ್ದ?" ಎಂದು ಬೈದಿದ್ದರು. ಕಾಕನಿಗೆ ನಾಳೆ ಎಂದು ಹೇಳುವಾಗ ಆ ಮಧ್ಯಾಹ್ನ ನನಗೆ ನೆನಪಿತ್ತು. ಚೆನ್ನಾಗಿ ನೆನಪಿತ್ತು. ಹೆದರಿದ್ದೆ, ಅಷ್ಟೇ. ಚೆಕ್‌ಪೋಸ್ಟಿನ ಕೋವಿಯ ಎದುರು ಆ ಚೀಲ ಹಿಡಿದು ನಿಲ್ಲುವ ಧೈರ್ಯ ನನ್ನಲ್ಲಿರಲಿಲ್ಲ. ಇವತ್ತು ಒಂದು ದಿನ ಹೋದರೆ ನಾಳೆ ಹೇಗೋ ಏನೋ, ಸೈನಿಕರು ಮರೆಯಬಹುದು, ಬಾಬಾ ಯಾರಿಗಾದರೂ ಹೇಳಿಸಬಹುದು, ಎಂದೆಲ್ಲ ಲೆಕ್ಕ ಹಾಕಿದೆ.

ಮಧ್ಯಾಹ್ನ ಅನ್ನ ಬೇಯಿಸಿದೆ, ಉಣ್ಣಲಾಗಲಿಲ್ಲ. ಒಂದು ಗಂಟೆಗೆ ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಆಗಲೂ ಹೊತ್ತಿತ್ತು. ಜೋಡಿಸಲು ಕಾಲು ಗಂಟೆ, ನಡೆಯಲು ಒಂದೂವರೆ. ಮೇಜಿನ ಹತ್ತಿರ ಹೋಗಿ ಕೈಚಾಚಿದೆ. ಹೊರಗೆ ಒಂದು ಲಾರಿ ನಿಂತ ಸದ್ದಾಯಿತು, ಯಾರೋ ಅರಬಿಯಲ್ಲಿ ಕೂಗಿದರು. ಕೈ ವಾಪಸ್ ಬಂತು. ಚಪ್ಪಲಿ ಕಳಚಿದೆ. ಅಸರ್ ಬಾಂಗ್ ಕೇಳಿದಾಗ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ, ಕಿವಿ ಮುಚ್ಚಿಕೊಂಡು.

ದಶಮಿಯ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಮಿಂದು ಮೇಜಿನ ಎದುರು ನಿಂತೆ. ಗಂಧದ ಬೊಟ್ಟು ಇಟ್ಟಲ್ಲೆಲ್ಲ ಸುತ್ತ ಕಿತ್ತಳೆ ಬಣ್ಣ ಎದ್ದಿತ್ತು. ತುಕ್ಕು. ಎಣ್ಣೆಯನ್ನು ತೊಳೆದು ತೆಗೆದವನು ನಾನೇ, ಹಸಿ ಗಂಧ ಮೆತ್ತಿದವನೂ ನಾನೇ. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಾಸದೆ ನಿಂತಿದ್ದ ನೀಲಿ ಒಂದು ದಿನದ ನನ್ನ ಭಕ್ತಿಯಲ್ಲಿ ಹೋಗಿತ್ತು. ಎಣ್ಣೆ ಹಚ್ಚಿ ಉಜ್ಜಿದರೆ ತುಕ್ಕಿನ ಜೊತೆ ನೀಲಿಯೂ ಕಿತ್ತು ಬಂತು, ಕೆಳಗೆ ಬೂದು ಉಕ್ಕು ಕಂಡಿತು. ಒತ್ತಿದ ಅಂಕಿಗಳ ಸಂದಿಯಲ್ಲಿ ಕೂತ ಕುಂಕುಮ ಸೂಜಿ ಹಾಕಿದರೂ ಪೂರ್ತಿ ಬರಲಿಲ್ಲ. ನಂಬರು ಕೆಂಪಾಗಿ ಎದ್ದು ಓದುವಂತಿತ್ತು. ಥೂ ನಿನ್ನ ಎಂದು ನನ್ನನ್ನೇ ಬೈದುಕೊಂಡು ಜೋಡಿಸಲು ಕೂತೆ. ಭಾಗಗಳು ತಾವಾಗಿ ತಮ್ಮ ಜಾಗ ಹುಡುಕಿಕೊಂಡು ಕೂತವು. ಆ ಜರ್ಮನಿಯವನ ಅರದ ಕೆಲಸ ಹಾಗಿತ್ತು. ಕಾಲು ಗಂಟೆಯೂ ಹಿಡಿಯಲಿಲ್ಲ.

ಒಂದು ಮೇಜಿನ ಗಡಿಯಾರದ ಯಂತ್ರ ತೆಗೆದು, ಖಾಲಿ ಮರದ ಪೆಟ್ಟಿಗೆಯಲ್ಲಿ ಪಿಸ್ತೂಲನ್ನು ಬಟ್ಟೆ ಸುತ್ತಿ ಇಟ್ಟು, ಹಿಂದಿನ ಬಾಗಿಲು ಮುಚ್ಚಿದೆ. ಮೇಲೆ ಹತ್ಯಾರುಗಳ ಚೀಲ. ಮೊದಲ ಚೆಕ್‌ಪೋಸ್ಟಿನಲ್ಲಿ 'ಹಿಂದಿ?', ಅಂದರೆ ಇಂಡಿಯಾದವನಾ, ಎಂದು ಕೇಳಿ ಕೈಬೀಸಿದರು. ಎರಡನೆಯದರಲ್ಲಿ ಒಬ್ಬ ಸೈನಿಕ ನಿಲ್ಲಿಸಿದ. ಗಡಿಯಾರದ ಮೇಲೆ ಬೆರಳಿನಿಂದ ಬಡಿದ.

"ಶಿನು ಹಾದಾ?"

ಇದೇನು ಎಂದು ಕೇಳಿದ್ದು. "ಸಾಅ, ಖರ್ಬಾನ್" ಎಂದೆ, ಗಡಿಯಾರ, ಕೆಟ್ಟಿದೆ. ಅವನು ಗಡಿಯಾರವನ್ನು ಎತ್ತಿ ಕಿವಿಗಿಟ್ಟ. ಒಳಗೆ ಏನೋ ಮೆಲ್ಲಗೆ ಸರಿಯಿತು. ನನ್ನ ತೊಡೆ ಒದ್ದೆಯಾಯಿತು, ಬೆವರಲ್ಲ. ಅವನು ಗಡಿಯಾರವನ್ನು ಕೆಳಗಿಟ್ಟು ತನ್ನ ಕೈಯ ವಾಚು ಬಿಚ್ಚಿ ಕೊಟ್ಟ. ಕೀಲಿ ಕೊಡುವ ಗುಬುಟು ಸಡಿಲವಾಗಿತ್ತು. ರಸ್ತೆ ಬದಿಯ ಮರಳಿನ ಚೀಲದ ಮೇಲೆ ಕೂತು ಸರಿ ಮಾಡಿದೆ. ಇಷ್ಟು ಹೊತ್ತು ನಡುಗುತ್ತಿದ್ದ ಕೈ ಚಿಮುಟ ಹಿಡಿದ ಕೂಡಲೇ ನಿಂತಿತು. ವಾಚು ಓಡಿತು, ಅವನು ನಕ್ಕ. ಅವನ ಹಲ್ಲುಗಳ ನಡುವೆ ಸಂದಿಯಿತ್ತು, ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. "ಯಲ್ಲಾ, ರೂಹ್" ಎಂದ, ಸರಿ ಹೊರಡು ಅಂತ.

ಇಷ್ಟೇ ಇದ್ದದ್ದು. ಇಡೀ ದಿನ ಹೆದರಿ ಗೋಡೆ ನೋಡುತ್ತ ಮಲಗಿದ್ದು ಇಷ್ಟಕ್ಕೆ.

ಕಫೀಲರ ಮನೆಯ ಗೇಟು ಹಾರುಹೊಡೆದಿತ್ತು. ಕಾಕ ಮೆಟ್ಟಿಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದೇಳಲಿಲ್ಲ.

"ಅಸರ್ ಆದ ಕೂಡ್ಲೇ ಬಂದ್ರು," ಎಂದರು. "ಬಾಬಾ ನಾಳೆ ಬರ್ತದೆ, ನಾಳೆ ಬರ್ತದೆ ಅಂತ ಕೈಮುಗಿದು ಹೇಳಿದ್ರು. ಕೇಳ್ಲಿಲ್ಲ. ಚಪ್ಪಲಿ ಹಾಕ್ಲಿಕ್ಕೂ ಬಿಡ್ಲಿಲ್ಲ ಮಾರಾಯ."

ನಾನು ಈಗಲೇ ಹೋಗಿ ಕೊಟ್ಟು ಬರುತ್ತೇನೆ, ನಂಬರು ತೋರಿಸುತ್ತೇನೆ, ಬಿಡಿಸಿಕೊಂಡು ಬರುತ್ತೇನೆ ಎಂದು ಏನೇನೋ ಬಡಬಡಿಸಿದೆ. ಮಾತು ಕೇಳಿ ಒಳಗಿನಿಂದ ಕಫೀಲರ ಹೆಂಡತಿ ಬಂದರು. ಆಳುಗಳೆಲ್ಲ ಮಾಮಾ ಎಂದು ಕರೆಯುತ್ತಿದ್ದ ಮುದುಕಿ. ಕಣ್ಣು ಊದಿತ್ತು, ಆದರೆ ದನಿ ಸರಿಯಾಗಿತ್ತು. ಬೇಡ, ಎಂದರು. ಎಲ್ಲಿಗೆ ಒಯ್ದರೆಂದು ನಮಗೇ ಗೊತ್ತಿಲ್ಲ. ನೀನು ಆಯುಧ ಹಿಡಿದು ಹೋದರೆ ನಿನ್ನನ್ನೂ ಇಟ್ಟುಕೊಳ್ಳುತ್ತಾರೆ. ನಿನಗೂ ತಾಯಿ ಇರಬೇಕಲ್ಲ. ಇಷ್ಟು ಹೇಳಿ ಒಳಗೆ ಹೋಗಿ ಒಂದು ಲಕೋಟೆ ತಂದರು. ನನ್ನ ಪಾಸ್‌ಪೋರ್ಟು.

"ನಿನ್ನೆ ಮಧ್ಯಾಹ್ನವೇ ಕಪಾಟಿನಿಂದ ತೆಗ್ದಿಟ್ಟಿದ್ರು," ಎಂದರು ಕಾಕ. "ಅವ ಬಂದ ಕೂಡ್ಲೇ ಕೊಟ್ಟು ಊರಿಗೆ ಹೋಗ್ಲಿಕ್ಕೆ ಹೇಳ್ಬೇಕು, ಇನ್ನು ಇಲ್ಲಿ ಅವನಿಗೆ ಕ್ಷೇಮ ಅಲ್ಲ ಅಂತ. ನೀನು ನಾಳೆ ಬರುದು ಅಂತ ನಾನು ಹೇಳಿದ್ರೂ ಗೇಟಿನ ಹತ್ರ ಕುರ್ಚಿ ಹಾಕಿ ಕೂತು ನಿನ್ನ ದಾರಿ ನೋಡ್ತಾ ಇದ್ರು."

ನಾನು ಗಡಿಯಾರದಿಂದ ಪಿಸ್ತೂಲು ತೆಗೆದು, ಕಾಕ ತಂದ ತಗಡಿನ ಡಬ್ಬಿಯಲ್ಲಿಟ್ಟೆ. ಹಿತ್ತಲಿನಲ್ಲಿ ಹೂಳುವುದೆಂದಾಯಿತು. ಮುಚ್ಚುವ ಮೊದಲು ಮಾಮಾ ಬಗ್ಗಿ ನೋಡಿದರು. ನಂಬರಿನ ಮೇಲಿನ ಕೆಂಪನ್ನು ಬೆರಳಿನಿಂದ ಮುಟ್ಟಿ, ಇದೇನು, ನಿನಗೆ ಗಾಯವಾಯಿತೇ ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ನಿಜವನ್ನೂ ಹೇಳಬಹುದಿತ್ತು, ನಾನು ಹೆದರಿದೆ ಮಾಮಾ, ಅದಕ್ಕೆ ಬರಲಿಲ್ಲ ಎಂದು. ನಾನು ಎರಡರ ನಡುವಿನದನ್ನು ಹೇಳಿದೆ. "ಈದ್. ನಿನ್ನೆ ನಮ್ಮ ಈದ್ ಇತ್ತು, ಮಾಮಾ."

ಕಫೀಲರು ಮರಳಿ ಬರಲೇ ಇಲ್ಲವೆಂದು ಮರುವರ್ಷ ಊರಿಗೆ ಬಂದ ಕಾಕನ ಬಾಯಿಂದ ತಿಳಿಯಿತು. ಆ ಬೆಳಗ್ಗೆ ಮಾಮಾಗೆ ಅದಿನ್ನೂ ಗೊತ್ತಿರಲಿಲ್ಲ. ಅವರು ಬೆರಳಿಗೆ ಹತ್ತಿದ ಕುಂಕುಮವನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹಬ್ಬ ಮಾಡಿದವರಿಗೆ ಅವರ ಕಡೆ ಯಾರೂ ಹೇಳದೆ ಬಿಡದ ಮಾತನ್ನು ನನಗೂ ಹೇಳಿದರು.

"ಕುಲ್ ಆಮ್ ವ ಇಂತ ಬಿಖೈರ್."

ವರ್ಷ ವರ್ಷವೂ ನೀನು ಸುಖವಾಗಿರು.